ಕಟ್ಟಿಟ್ಟ ಗಂಟು

ಅಕ್ಕಲಕೋಟ ಎಸ್.ಟಿ. ಸ್ಟ್ಯಾಂಡು, ಚಹಾದಂಗಡಿ.

"ಕಾಕಾ, ನಾವು ಯಾವ ರಾಜ್ಯದವರ್ರೀ?"

"1967ರಾಗ ಗಡಿ ಜಗಳದ ಮಹಾಜನ ಆಯೋಗ ಅಕ್ಕಲಕೋಟ ಕರ್ನಾಟಕಕ್ಕ ಕೊಡ್ರಿ ಅಂತು. ನಮ್ಮಪ್ಪ ಗಂಟು ಕಟ್ಟಿದ. 2004ರಾಗ ಮಹಾರಾಷ್ಟ್ರ ಬೆಳಗಾವಿ ಬೇಕಂತ ಸುಪ್ರೀಂ ಕೋರ್ಟಿಗೆ ಹೋತು. ಗಂಟು ಇನ್ನೂ ಬಿಚ್ಚಿಲ್ಲ."

"2022ರಾಗ ಕರ್ನಾಟಕದ ಆಗಿನ ಸಿಎಂ ಬೊಮ್ಮಾಯಿಯವ್ರು ಸೋಲಾಪುರ, ಅಕ್ಕಲಕೋಟ ಕೇಳಿದ್ರಲ್ಲ?"

"ಕೇಳಿದ್ದು ಟ್ವಿಟರಿನ್ಯಾಗ. ನಮ್ಮನ್ನ ಯಾರು ಕೇಳ್ಯಾರ? ಬೆಂಗಳೂರು ಚಾನೆಲ್ಲಿಗೆ ನಾವು ಕನ್ನಡದ ಕೂಸು, ಮುಂಬೈ ಚಾನೆಲ್ಲಿಗೆ ಮಹಾರಾಷ್ಟ್ರದ ಮಣ್ಣು."

"ನೀರು, ರಸ್ತಾ?"

"ಅದರಾಗ ಜಗಳ ಇಲ್ಲಲ್ಲೋ ತಮ್ಮಾ, ಬ್ರೇಕಿಂಗ್ ನ್ಯೂಸ್ ಹೆಂಗ ಆಗ್ತೈತಿ?"

"ಎಲೆಕ್ಷನ್ ಬಂದ್ರ?"

"ಮರಾಠಿ ಪೋಸ್ಟರ್ ಹಚ್ಚಿ, ಕನ್ನಡದಾಗ ಕಾಲು ಹಿಡೀತಾರ."

"ನೀವು ಯಾರಿಗೆ ಹಾಕ್ತೀರಿ?"

"ಯಾರ ಟ್ಯಾಂಕರ್ ಮೊದಲ ಬರ್ತೈತೋ ಅವ್ರಿಗೆ. ಕಳೆದ ಸಲ ಎರಡೂ ಪಾರ್ಟಿ ಟ್ಯಾಂಕರ್ ಒಬ್ಬನ ಮಾಲಕಂದು."