ಮುದ್ದೆ ನುಂಗಿದರೆ ಹತ್ತು, ತಿರುವಿದರೆ ಸೊನ್ನೆ

ಲಕ್ವ ಹೊಡೆದವರು ಎಷ್ಟರ ಮಟ್ಟಿಗೆ ಸ್ವತಂತ್ರರು ಎಂದು ಅಳೆಯಲು ಜಗತ್ತಿನ ಎಷ್ಟೋ ಆಸ್ಪತ್ರೆಗಳು ಇವತ್ತಿಗೂ ಕೈಗೆತ್ತಿಕೊಳ್ಳುವುದು ಬಾರ್ಥೆಲ್ ಸೂಚ್ಯಂಕವನ್ನು. ಅಮೆರಿಕದ ಮೇರಿಲ್ಯಾಂಡಿನಲ್ಲಿ ವೈದ್ಯೆ ಫ್ಲಾರೆನ್ಸ್ ಮಹೋನಿ ಮತ್ತು ಫಿಸಿಯೊಥೆರಪಿಸ್ಟ್ ಡೊರೋಥಿಯಾ ಬಾರ್ಥೆಲ್ 1965ರಲ್ಲಿ ಪ್ರಕಟಿಸಿದ ಪಟ್ಟಿ ಅದು. ಬಾಬತ್ತು ಹತ್ತು, ಅಂಕ ನೂರು. ಉಣ್ಣುವುದರಿಂದ ಹಿಡಿದು ಕಕ್ಕಸಿಗೆ ಹೋಗಿ ಬರುವವರೆಗೆ ಎಲ್ಲಕ್ಕೂ ಅಂಕವುಂಟು.

ಇದನ್ನು ಮಾಗಡಿ ತಾಲ್ಲೂಕಿನ ತಿಪ್ಪಸಂದ್ರ ಹೋಬಳಿಗೆ ತನ್ನಿ. ಮೆಟ್ಟಿಲು ಹತ್ತಿಳಿದರೆ 10 ಅಂಕ. ಹೆಂಚಿನ ಮನೆಯ ಮೆಟ್ಟಿಲೆಂದರೆ ಹೊಸ್ತಿಲ ಮುಂದಿನ ಎರಡು ಕಲ್ಲು. 2025ರಲ್ಲಿ ಈ ತಾಲ್ಲೂಕಿನ ರಾಮನಗರ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣವಾದ ಮೇಲೂ ಮೂರನೆಯ ಕಲ್ಲು ಬಂದಿಲ್ಲ. ಹಾಸಿಗೆಯಿಂದ ಕುರ್ಚಿಗೆ ಬಂದರೆ 15. ಚಾಪೆಯಿಂದ ಎದ್ದು ನಿಲ್ಲುವುದಕ್ಕೆ ಕಾಲಂ ಇಲ್ಲ. ಸಮತಟ್ಟು ನೆಲದಲ್ಲಿ 50 ಗಜ ನಡೆದರೆ ಮತ್ತೆ 15. ಅಷ್ಟುದ್ದದ ಸಮತಟ್ಟು ನೆಲವನ್ನು ಊರೊಳಗೆ ಹುಡುಕುವವರು ರೋಗಿಯೋ ಪಂಚಾಯಿತಿಯೋ, ಅದನ್ನು ಬರೆದಿಲ್ಲ. ಊಟದ ಬಾಬತ್ತಿನಲ್ಲಿ ಬ್ರೆಡ್ಡಿಗೆ ಬೆಣ್ಣೆ ಸವರಲು ಬರಬೇಕಂತೆ. ಹೆಂಗಸರು ಮೇಕಪ್ ಮಾಡಿಕೊಳ್ಳುವ ರೂಢಿಯಿದ್ದರೆ ತಾವೇ ಮಾಡಿಕೊಳ್ಳಬೇಕು, ಜಡೆ ಹೆಣೆದುಕೊಳ್ಳದಿದ್ದರೂ ನಡೆಯುತ್ತದೆ. ಪುಣ್ಯಕ್ಕೆ!

ಆದರೆ ಬೆಣ್ಣೆ, ಮೇಕಪ್ಪಿನ ಮಾತು ಬಿಡಿ. ಆ ಪಟ್ಟಿಯಲ್ಲಿ ನಮ್ಮ ಗಂಡಸರಿಗೆಂದೇ ಹೊಲಿಸಿದಂಥ ಒಂದು ಸಾಲಿದೆ: ಊಟವನ್ನು ಯಾರಾದರೂ ಕೈಗೆಟುಕುವಂತೆ ಮುಂದಿಟ್ಟಾಗ ತಾನೇ ತಿಂದರೆ ಪೂರ್ತಿ 10 ಅಂಕ. ರಾಗಿ ಬೀಸಿಸಿದವರು ಯಾರು, ಎಸರಿಟ್ಟವರು ಯಾರು ಎಂಬ ವಿಚಾರಣೆ ಇಲ್ಲ. ತಟ್ಟೆ ಬಂತು, ಯಜಮಾನರು ನುಂಗಿದರು, ಸ್ವತಂತ್ರರಾದರು.

ಸ್ನಾನದ ಬಾಬತ್ತು ಮಾತ್ರ ತುಸು ಕಠಿಣ. ಪಕ್ಕದಲ್ಲಿ ಯಾರೂ ಇರದೆ ಮುಗಿಸಿದರಷ್ಟೇ 5. ಪ್ರಶ್ನೋತ್ತರ ಹೀಗೆ ಸಾಗೀತು:

"ಅಮ್ಮಾ, ಯಜಮಾನ್ರು ತಾವೇ ಸ್ನಾನ ಮಾಡ್ತಾರಾ?"

"ನೀರು ತೋಡಿಕೊಟ್ಟು ಬೆನ್ನುಜ್ಜಿದ್ರೆ ಮಾಡ್ತಾರೆ ಸಾರ್."

"ಲಕ್ವ ಹೊಡೆಯೋಕೆ ಮುಂಚೆ?"

"ಅವಾಗ್ಲೂ ಅಷ್ಟೇ."

ಈಗ ಅಂಕ ಕಡಿಯಬೇಕಾದದ್ದು ಕಾಯಿಲೆಗೋ ಸಂಸಾರಕ್ಕೋ? ರೋಗಿ ಏನು ಮಾಡಬಲ್ಲ ಎಂದು ನೋಡಬೇಡಿ, ಏನು ಮಾಡುತ್ತಾನೆ ಎಂದು ಬರೆದುಕೊಳ್ಳಿ ಎನ್ನುವುದು ಈ ಅಳತೆಯ ನಿಯಮ. ಆ ಲೆಕ್ಕದಲ್ಲಿ ಗಟ್ಟಿಮುಟ್ಟಾದ ಎಷ್ಟೋ ಯಜಮಾನರು ಮದುವೆಯ ಮಾರನೆ ದಿನದಿಂದಲೇ ಪರಾವಲಂಬಿಗಳು.

ಇನ್ನು ಲಕ್ವ ಆ ಅಮ್ಮನಿಗೇ ಹೊಡೆದರೆ? ಆರು ತಿಂಗಳಿಗೆ ಕಾಲೆಳೆದುಕೊಂಡು ನಡೆದಳು, ಎಡಗೈಯಲ್ಲಿ ಉಂಡಳು, ಹೇಗೋ ಸೀರೆ ಸುತ್ತಿಕೊಂಡಳು. ನೂರಕ್ಕೆ ನೂರು! ಯಾವ ಕೈಯಲ್ಲಿ ಉಂಡಳೆಂದು ಸೂಚ್ಯಂಕ ಕೇಳುವುದಿಲ್ಲ. ಪಂಕ್ತಿಯಲ್ಲಿ ಕೂತವರು ಕೇಳುತ್ತಾರೆ, ಅದು ಬೇರೆ ಮಾತು. ಮನೆಯವರಿಗೆ ಆ ನೂರು ಕಂಡರೆ ಸಾಕು, "ವಾಸಿಯಾಯ್ತಲ್ಲ, ಹಿಟ್ಟಿಗಿಡು" ಅನ್ನುತ್ತಾರೆ. ಮುದ್ದೆ ತಿರುವಲು ಕವೆಗೋಲಿನಿಂದ ಪಾತ್ರೆ ಅದುಮಿಡಬೇಕು, ಎರಡೂ ಕೈಯಲ್ಲಿ ಕೋಲು ಹಿಡಿದು ಗಂಟಿಲ್ಲದಂತೆ ತೊಳಸಬೇಕು. ಹಾಲು ಕರೆಯಲು ಎರಡು ಕೈ. ಹಿಪ್ಪುನೇರಳೆ ಸೊಪ್ಪು ಕೊಯ್ದು ಹೊರೆ ಕಟ್ಟಲು ಎರಡು ಕೈ. ಇವಕ್ಕೆಲ್ಲ ಬಾರ್ಥೆಲ್ ಪಟ್ಟಿಯಲ್ಲಿ ಜಾಗವಿಲ್ಲ.

ಅಡುಗೆ, ಮನೆಗೆಲಸ ಅಳೆಯಲು ಬೇರೆ ಮಾಪಕವಿಲ್ಲವೇ ಎಂದರೆ, ಇದೆ. 1969ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಲಾಟನ್ ಮತ್ತು ಬ್ರೋಡಿ ರೂಪಿಸಿದ್ದು. ಅದರ ಮೂಲರೂಪದಲ್ಲಿ ಹೆಂಗಸರಿಗೆ ಎಂಟು ಬಾಬತ್ತು, ಗಂಡಸರಿಗೆ ಐದೇ. ಬಿಟ್ಟ ಮೂರು ಯಾವುವೆಂದು ತಿಪ್ಪಸಂದ್ರದ ಯಾವ ಅಜ್ಜಿಯೂ ನೋಡದೆ ಹೇಳಿಯಾಳು: ಅಡುಗೆ, ಮನೆಗೆಲಸ, ಬಟ್ಟೆ ಒಗೆಯುವುದು. ಫಿಲಡೆಲ್ಫಿಯಾಕ್ಕೂ ನಮಗೂ ಈ ಒಂದು ವಿಷಯದಲ್ಲಿ ಎಂಥ ಒಮ್ಮತ!

ಬಾರ್ಥೆಲ್ ಅವರನ್ನು ಬೈದು ಪ್ರಯೋಜನವಿಲ್ಲ. ನೂರು ಅಂಕ ಪಡೆದವರು ಒಂಟಿಯಾಗಿ ಬದುಕಬಲ್ಲರು ಎಂದು ಅರ್ಥವಲ್ಲ, ಅವರಿಗೆ ಅಡುಗೆ, ಮನೆವಾರ್ತೆ ಆಗದೇ ಇರಬಹುದು ಎಂದು ಅವರೂ ಮಹೋನಿಯೂ 1965ರ ಲೇಖನದಲ್ಲೇ ಎಚ್ಚರಿಸಿದ್ದರು. ಹಾಗಾಗಿ ಅಂಕ ಹಾಕುವ ಮಹನೀಯರಲ್ಲಿ ಒಂದು ಬಿನ್ನಹ: ರೋಗಿ ಹೆಂಗಸಾಗಿದ್ದರೆ ನೂರು ಎಂದು ಬರೆದ ಚೀಟಿಯನ್ನು ಗಂಡನ ಕೈಗೆ ಕೊಡುವ ಮುಂಚೆ, ಆ ಎಚ್ಚರಿಕೆಯನ್ನೂ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದುಕೊಡಿ.