ಮೂರನೇ ಚಾ

ಸಿಯೋಲ್‌ನಲ್ಲಿ ನಾನು ಮಾಡಿಕೊಂಡ ಅವಾಂತರಕ್ಕೆಲ್ಲ ಮೂಲ ನನ್ನ ಹೆಂಡತಿಯ ತವರು. ನಾವು ರಾಮನಗರದ ಕಡೆಯವರು, ಹುಟ್ಟಿನಿಂದ ಟೀ ಕುಡಿದವರು. ಅವಳು ಪುತ್ತೂರಿನವಳು, ಅಲ್ಲಿ ಅದು ಚಾ. ಮದುವೆಯಾಗಿ ಹದಿನೆಂಟು ವರ್ಷವಾಯಿತು. ಈಗ ಎಲ್ಲಿ ‘ಚಾ’ ಎಂಬ ಸದ್ದು ಕೇಳಿದರೂ ನನ್ನ ಕಾಲು ತಾನಾಗಿ ಆ ಕಡೆ ತಿರುಗುತ್ತದೆ.

ಭಾಮೈದ ಸಿಯೋಲ್‌ನಲ್ಲಿ ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. ನೋಡಿಕೊಂಡು ಬರೋಣವೆಂದು ಹೋದವನನ್ನು ಎರಡನೆಯ ಸಂಜೆಯೇ ಹ್ವೇಶಿಕ್‌ಗೆ ಎಳೆದುಕೊಂಡು ಹೋದ. ಹ್ವೇಶಿಕ್ ಎಂದರೆ ಕಚೇರಿಯವರೆಲ್ಲ ಸೇರಿ ಮಾಡುವ ಊಟ. ಅಲ್ಲಿ ಊಟಕ್ಕಿಂತ ಬಾಟಲಿಯೇ ಜಾಸ್ತಿ ಎಂದು ಗೊತ್ತಾಗುವಷ್ಟರಲ್ಲಿ ಚಪ್ಪಲಿ ಬಿಟ್ಟು ಒಳಗೆ ಕೂತಾಗಿತ್ತು. ಕುಡಿತದಲ್ಲಿ ನನ್ನ ಅನುಭವ ವರ್ಷಕ್ಕೆ ಎರಡು ಬಿಯರ್. ಅದೂ ನಿಲ್ಲಿಸಿದ ಕಾರಿನೊಳಗೆ, ಬೇರೆಯವರ ಕಾರಿನಲ್ಲಿ, ಕೊನೆಗೊಂದು ಹಿಡಿ ಸೋಂಪು.

“ಭಾವ, ಎರಡೇ ನಿಯಮ,” ಅಂದಿದ್ದ ಭಾಮೈದ. “ನಿಮ್ಮ ಲೋಟಕ್ಕೆ ನೀವೇ ಹಾಕಿಕೊಳ್ಳಬಾರದು. ಬೇರೆಯವರ ಲೋಟ ಖಾಲಿ ಇದ್ದರೆ ಸುಮ್ಮನೆ ನೋಡುತ್ತಾ ಕೂರಬಾರದು.” ಎಂಥ ಒಳ್ಳೆಯ ಜನ, ನಮ್ಮ ಮದುವೆ ಪಂಕ್ತಿಯ ಹಾಗೇ ಇದೆಯಲ್ಲ ಅಂದುಕೊಂಡೆ. ಮೂರನೆಯ ನಿಯಮ ಆ ಮಹಾಶಯ ಹೇಳಲಿಲ್ಲ: ಪೂರ್ತಿ ಖಾಲಿಯಾಗದ ಲೋಟಕ್ಕೆ ಯಾರೂ ಮತ್ತೆ ಸುರಿಯುವುದಿಲ್ಲ. ಅವನು ಕುಡಿಯುವವನಲ್ಲ. ಮೊದಲ ಲೋಟವನ್ನು ತುಟಿಗೆ ತಾಗಿಸಿ ಕೆಳಗಿಟ್ಟವನು ರಾತ್ರಿಯಿಡೀ ಅದನ್ನು ತುಂಬಿದ ಕೊಡದಂತೆ ಮುಂದಿಟ್ಟುಕೊಂಡು ಕೂತ. ನಾನೋ, ಬಡಿಸಿದ್ದನ್ನು ಬಿಡಬಾರದೆಂದು ಅಜ್ಜಿಯ ಕೈಯಲ್ಲಿ ಏಟು ತಿಂದು ಬೆಳೆದವನು. ಹಾಕಿದಷ್ಟನ್ನೂ ಮುಗಿಸಿದೆ. ಮುಗಿಸಿದಷ್ಟನ್ನೂ ಹಾಕಿದರು.

ಅಲ್ಲಿಯ ಮದ್ಯ ಸೋಜುವಿನ ಲೋಟ ನೋಡಿದರೆ ನಮ್ಮ ತೀರ್ಥದ ಬಟ್ಟಲು. ಹಸಿರು ಬಾಟಲಿಯಲ್ಲಿ 360 ಮಿಲಿಲೀಟರ್, ಹಾಕಿದರೆ ಏಳು ಲೋಟ. ಇಬ್ಬರಾದರೂ ಮೂವರಾದರೂ ಸಮನಾಗಿ ಹಂಚಲು ಬರುವುದಿಲ್ಲ, ಹಾಗಾಗಿ ಇನ್ನೊಂದು ಬಾಟಲಿ. ಒಂದು ಕಾಲಕ್ಕೆ ಅಕ್ಕಿಯಿಂದ ಬಟ್ಟಿ ಇಳಿಸುತ್ತಿದ್ದರು. 1965ರಲ್ಲಿ ಅಕ್ಕಿಗೇ ಬರವಿದ್ದುದರಿಂದ ಸೋಜುವಿಗೆ ಧಾನ್ಯ ಬಳಸಬಾರದೆಂದು ಸರ್ಕಾರ ತಡೆ ಹಾಕಿತು. ಗೆಣಸು, ಮರಗೆಣಸಿನ ಸ್ಪಿರಿಟ್ಟಿಗೆ ನೀರು, ಸಿಹಿ ಬೆರೆಸಿ ಮಾರುವುದು ಶುರುವಾಯಿತು. ತಡೆ ಹೋಯಿತು, ರುಚಿ ಉಳಿಯಿತು. ಜ್ವರದ ಸಿರಪ್ಪಿನಷ್ಟು ಸಾಧುವಾಗಿ ಒಳಗೆ ಇಳಿಯುತ್ತದೆ. ಅದರ ಸಾಧುತನ ಎದ್ದು ನಿಲ್ಲುವವರೆಗೆ ಮಾತ್ರ.

ಕೂತ ಐದು ನಿಮಿಷಕ್ಕೆ ನನ್ನ ವಯಸ್ಸು ಕೇಳಿದರು. ಅಲ್ಲಿ ವಯಸ್ಸು ಗೊತ್ತಾಗದೆ ಮಾತೇ ಮುಂದೆ ಹೋಗುವುದಿಲ್ಲ, ಕ್ರಿಯಾಪದದ ಬಾಲ ಅದರ ಮೇಲೆ ನಿಂತಿದೆ. ಆಗಷ್ಟೇ ಸೊಪ್ಪಿನೆಲೆಯಲ್ಲಿ ಹಂದಿಮಾಂಸ, ಬೆಳ್ಳುಳ್ಳಿ, ಖಾರದ ಪೇಸ್ಟು ಇಟ್ಟು ವೀಳ್ಯದಂತೆ ಮಡಚಿ ಬಾಯಿಗೆ ತುರುಕಿಕೊಂಡಿದ್ದೆ. ಅದನ್ನು ಒಂದೇ ತುತ್ತಿಗೆ ಮುಗಿಸಬೇಕು, ಕಚ್ಚಿ ಅರ್ಧ ಇಡುವಂತಿಲ್ಲ. ಬೆರಳಲ್ಲಿ ನಾಲ್ಕು ತೋರಿಸಿ, ಆಮೇಲೆ ಆರು ತೋರಿಸಿದೆ. ತಂಡದ ಮುಖ್ಯಸ್ಥನಿಗೆ ನಲವತ್ತಮೂರು. ಹಾಗಾಗಿ ಇಡೀ ಮೇಜಿಗೆ ನಾನೇ ಹಿರಿಯ.

ಹಿರಿಯರೆದುರು ಕುಡಿಯುವಾಗ ಮುಖ ಪಕ್ಕಕ್ಕೆ ತಿರುಗಿಸಬೇಕು. ಐದೂ ಜನ ಒಟ್ಟಿಗೆ ನನ್ನಿಂದ ಮುಖ ತಿರುಗಿಸಿದಾಗ ಬೆಳಿಗ್ಗೆ ಸ್ನಾನ ಮಾಡಿದ್ದು ನೆನಪಿದೆಯಾ ಎಂದು ಒಮ್ಮೆ ಯೋಚಿಸಿದೆ. ಇದೇ ಇಲ್ಲಿಯ ಪದ್ಧತಿ ಇರಬೇಕೆಂದು ನಾನೂ ತಿರುಗಿದೆ. ಪಕ್ಕದಲ್ಲಿದ್ದ ಹೊಸದಾಗಿ ಸೇರಿದ ಹುಡುಗ, ಹಿರಿಯರೇ ತನ್ನೆದುರು ಮುಖ ಮರೆಸಿದ್ದನ್ನು ಕಂಡು ಗಾಬರಿಯಾಗಿ ಗೋಡೆಯ ಕಡೆಗೇ ತಿರುಗಿಬಿಟ್ಟ. ಹೊರಗಿನಿಂದ ನೋಡಿದವರಿಗೆ ಆಸ್ತಿ ಪಾಲಿನ ಪಂಚಾಯಿತಿಯಂತೆ ಕಂಡಿರಬೇಕು.

ಬಡಿಸುವ ಹೆಂಗಸರನ್ನು ‘ಇಮೋ’ ಎಂದು ಕರೆಯಿರಿ, ಅಮ್ಮನ ಅಕ್ಕ ಅಥವಾ ತಂಗಿ ಎಂದರ್ಥ, ಎಂದು ಯಾರೋ ಹೇಳಿಕೊಟ್ಟರು. ಚಿಕ್ಕಮ್ಮ! ಎಷ್ಟು ಚೆನ್ನ! “ಇಮೋ!” ಎಂದು ಕೂಗಿದೆ. ತಿರುಗಿದವಳಿಗೆ ಇಪ್ಪತ್ತು ದಾಟಿರಲಿಲ್ಲ. ಮಾತಿಲ್ಲದೆ ಮೇಜಿನ ಅಂಚಿನಲ್ಲಿದ್ದ ಕರೆಗಂಟೆಯನ್ನು ತೋರಿಸಿ ಹೋದಳು. ಆಮೇಲೆ ನಾನು ಗಂಟೆಯನ್ನೂ ಒತ್ತಲಿಲ್ಲ.

ಆಟ ಶುರುವಾಯಿತು. ಮೂರು-ಆರು-ಒಂಬತ್ತು. ಸುತ್ತಲೂ ಒಬ್ಬೊಬ್ಬರಾಗಿ ಎಣಿಸುತ್ತಾ ಹೋಗಬೇಕು, ಈ ಮೂರು ಅಂಕಿ ಬಂದರೆ ಮಾತ್ರ ಹೇಳದೆ ಚಪ್ಪಾಳೆ. ತಪ್ಪಿದವನಿಗೆ ದಂಡದ ಲೋಟ. ಎಣಿಕೆ ಕೊರಿಯನ್ನಿನಲ್ಲಿ. ಭಾಮೈದ ಪೆನ್ನು ತೆಗೆದು ನನ್ನ ಅಂಗೈ ಮೇಲೆ ಕನ್ನಡದಲ್ಲಿ ಬರೆದುಕೊಟ್ಟ: ಇಲ್, ಈ, ಸಾಮ್, ಸಾ, ಓ, ಯುಕ್. ಬೆವರಿಗೆ ಅದು ಕದಡುವ ಮೊದಲೇ ಬಾಯಿಪಾಠ ಮಾಡಿದೆ. ಕೂತದ್ದು ಮೂರನೆಯ ಜಾಗದಲ್ಲಿ. ಸರದಿ ಬಂತು. ಕಲಿತ ವಿದ್ಯೆ ಸುಮ್ಮನಿರುತ್ತದೆಯೇ? “ಸಾಮ್!” ಎಂದೆ, ಸ್ಪಷ್ಟವಾಗಿ. ಮೂರು. ದಂಡ. ಸೋತವನಿಂದಲೇ ಮುಂದಿನ ಆಟ, ಹಾಗಾಗಿ ಈ ಸಲ ನನಗೆ ಬಂದದ್ದು ಒಂದು. ತಪ್ಪು ಮಾಡಲು ಸಾಧ್ಯವೇ ಇಲ್ಲದ ಅಂಕಿ. ನಾನು ಚಪ್ಪಾಳೆ ತಟ್ಟಿದೆ.

ನಾಲ್ಕನೆಯ ದಂಡಕ್ಕೆ ಆ ಹೊಸ ಹುಡುಗ ನನಗಾಗಿ ಲೋಟ ಎತ್ತಿದ. ಇದಕ್ಕೆ ಕಪ್ಪು ವೀರ ಎನ್ನುತ್ತಾರೆ. ಬದಲಿಗೆ ಅವನು ಕೇಳಿದ್ದೊಂದನ್ನು ನಡೆಸಿಕೊಡಬೇಕು. ನನ್ನಿಂದ ಒಂದು ಹಾಡು ಬೇಕೆಂದ. ಆಗಲಿ ಎಂದೆ. ಆಗ ನಾನು ಯಾವುದಕ್ಕೂ ಆಗಲಿ ಎನ್ನುವ ಸ್ಥಿತಿಯಲ್ಲಿದ್ದೆ.

ಒಂಬತ್ತೂವರೆಗೆ ಬಿಲ್ಲು ಕೊಟ್ಟು ಎದ್ದರು. ದೇವರು ದೊಡ್ಡವನು ಅಂದುಕೊಳ್ಳುವಾಗ ಮುಖ್ಯಸ್ಥ ನನ್ನ ತೋಳು ಹಿಡಿದು ಕೇಳಿದ: “ಈಚಾ?”

ಚಾ! ಊಟವಾದ ಮೇಲೆ ಚಾ ಕುಡಿಸಿ ಕಳಿಸುವ ಸಂಸ್ಕಾರವಂತರು! ಎರಡೂ ಕೈ ಎತ್ತಿ “ಚಾ! ಚಾ!” ಎಂದೆ. ಅಷ್ಟು ಹೊತ್ತು ಕೂತು ಇಲ್, ಈ, ಸಾಮ್ ಕಲಿತ ಮನುಷ್ಯನಿಗೆ ಈಚಾ ಎಂದರೆ ಎರಡನೆಯ ಸುತ್ತು ಎಂದು ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಎಲ್ಲರೂ ಹೋ ಎಂದು ಬೆನ್ನು ತಟ್ಟಿದರು.

ಚಾ ಅಂಗಡಿಯೆಂದು ನಾನು ತೂರಿದ್ದು ಜೊಂಗ್ನೊ ಬೀದಿಯ ಕಿತ್ತಳೆ ಬಣ್ಣದ ಟಾರ್ಪಾಲಿನ ಡೇರೆಯೊಳಕ್ಕೆ. ಪ್ಲಾಸ್ಟಿಕ್ ಸ್ಟೂಲು, ಮತ್ತೆ ಹಸಿರು ಬಾಟಲಿ. ಆಮೇಲೆ ಒಂದು ವಾಸನೆ ಬಂತು. ಬೆಚ್ಚಿಬಿದ್ದೆ. ಅದು ನಮ್ಮೂರಿನ ವಾಸನೆ! ರೇಷ್ಮೆಗೂಡು ಬೇಯಿಸಿ ನೂಲು ಬಿಚ್ಚುವ ಕೇರಿಯಲ್ಲಿ ಹಾದುಹೋದವರು ಯಾರೂ ಮರೆಯದ ವಾಸನೆ. ಸಣ್ಣ ಬಾಣಲೆಯಲ್ಲಿ ಕುದಿಯುತ್ತಾ ಬಂದದ್ದು ಬೊಂಡೆಗಿ, ನೂಲು ತೆಗೆದ ಗೂಡಿನೊಳಗಿನ ಹುಳ.

ನಮ್ಮ ಮನೆಯಲ್ಲಿ ಹುಳ ಸಾಕುತ್ತಿದ್ದರು. ನಾಲ್ಕು ಜ್ವರ, ಅಂದರೆ ಪೊರೆ ಬಿಡುವ ಹೊತ್ತು, ದಾಟಿ ಅವು ಸೊಪ್ಪು ಮೇಯುವ ದಿನಗಳಲ್ಲಿ ಅಜ್ಜಿ ಒಗ್ಗರಣೆ ಹಾಕಲೂ ಬಿಡುತ್ತಿರಲಿಲ್ಲ, ಘಾಟಿಗೆ ಹುಳಕ್ಕೆ ಬೇಜಾರಾಗುತ್ತದೆಂದು. ನಾವು ಮಕ್ಕಳು ಸಪ್ಪೆ ಸಾರು ಉಣ್ಣುತ್ತಿದ್ದೆವು. ಇದನ್ನು ಹೇಳಿ ತಪ್ಪಿಸಿಕೊಳ್ಳೋಣವೆಂದು ಹೇಳಿದೆ. ಭಾಮೈದ ಅನುವಾದಿಸಿದ. ಕೊರಿಯನ್ನರು ಭಕ್ತಿಯಿಂದ ತಲೆಯಾಡಿಸಿ, ಪರಿಣತರು ಸಿಕ್ಕರೆಂದು ಬಾಣಲೆಯನ್ನು ನನ್ನ ಮುಂದಕ್ಕೇ ಸರಿಸಿದರು. ಹಿರಿಯರು ಮೊದಲು ಚಮಚ ಎತ್ತದೆ ಉಳಿದವರು ಮುಟ್ಟುವಂತಿಲ್ಲ. ಐದು ಚಮಚಗಳು ಗಾಳಿಯಲ್ಲಿ ಕಾಯುತ್ತಿದ್ದವು.

ತಿಂದೆ. ಹಲ್ಲಿಗೆ ಸಿಕ್ಕಿದೊಡನೆ ಪಿಚಕ್ಕೆಂದು ಬಿಸಿ ಉಪ್ಪುನೀರು. ಬೇಯಿಸಿದ ಕಡಲೆಕಾಯಿಗೂ ಹಳೆಯ ಗೋಣಿಚೀಲಕ್ಕೂ ಮಧ್ಯದ ರುಚಿ. ಎರಡನೆಯದು ಅಷ್ಟು ಕಷ್ಟವಾಗಲಿಲ್ಲ. ಅಜ್ಜಿಗೆ ಮನಸ್ಸಿನಲ್ಲೇ ಕೈಮುಗಿದು ಮೂರನೆಯದನ್ನೂ ತಿಂದೆ.

“ಸಾಮ್ಚಾ?” ಎಂದಾಗ ನನಗೆ ಅರ್ಥವಾಯಿತು. ಆದರೆ ಕೈ ಆಗಲೇ ಮೇಲೆದ್ದಿತ್ತು.

ಮೂರನೆಯ ಸುತ್ತು ನೊರೆಬಾಂಗ್, ಬಾಡಿಗೆಯ ಹಾಡುಕೋಣೆ. ಯಂತ್ರದಲ್ಲಿ ಕನ್ನಡವಿರಲಿಲ್ಲ. ರಾಜ್‌ಕುಮಾರ್ ಹಾಡೊಂದು ಎತ್ತಿಕೊಂಡು ಎರಡು ಸಾಲಿಗೆ ಮರೆತೆ. ಕೊನೆಗೆ ಶ್ರಾವಣ ಶನಿವಾರದ ಭಜನೆ ಹಾಡಿದೆ. ಹುಡುಗ ತಂಬೂರಿನ್ ಹಿಡಿದು ಕುಣಿದ. ಅವರ ಚಪ್ಪಾಳೆ ಒಂದೂ ತಪ್ಪಲಿಲ್ಲ.

ಮರುದಿನ ಹನ್ನೊಂದಕ್ಕೆ ಭಾಮೈದ ನನ್ನನ್ನು ಹೇಜಾಂಗ್‌ಗುಕ್ ಮುಂದೆ ಕೂರಿಸಿದ. ಕುಡಿದ ಮಾರನೆಯ ದಿನಕ್ಕೆಂದೇ ಆ ದೇಶದಲ್ಲಿ ಒಂದು ಸಾರಿದೆ, ನಮಗೆ ಕೊಟ್ಟದ್ದು ಮೊಳಕೆಕಾಳಿನದು.

“ಸಾಕಾದಾಗ ಲೋಟ ತುಂಬಿಸಿಯೇ ಇಡಬೇಕಿತ್ತು ಭಾವ.”

“ಮೊದಲೇ ಹೇಳೋಕೆ ಏನಾಗಿತ್ತು ನಿಂಗೆ?”

“ಎರಡೂ ಕೈಯೆತ್ತಿ ಚಾ ಚಾ ಅನ್ನುವವರಿಗೆ ಎಂತ ಹೇಳುವುದು? ಅಕ್ಕನೂ ಅದನ್ನೇ ಕೇಳಿದಳು.”

ಅಕ್ಕನಿಗೆ ವಿಡಿಯೋ ರಾತ್ರಿಯೇ ಹೋಗಿತ್ತು. ಭಜನೆ ಸಮೇತ.

ಊರಿಗೆ ಬಂದು ನಾಲ್ಕು ತಿಂಗಳಾಯಿತು. ಸಂಜೆ ಐದಕ್ಕೆ ಅಡುಗೆಮನೆಯಿಂದ ಹೆಂಡತಿ “ಚಾ ಬೇಕಾ?” ಎಂದು ಈಗ ಕೇಳುವುದಿಲ್ಲ. “ಎಷ್ಟನೇ ಚಾ?” ಎನ್ನುತ್ತಾಳೆ. ನಾನು ಕಾಫಿ ಕುಡಿಯುತ್ತಿದ್ದೇನೆ.