ಕಾಚಾಂತರ್ಬಾಷ್ಪ ಮೀಮಾಂಸೆ

ವರ್ಷಾಕಾಲದಲ್ಲಿ ಆಗುಂಬೆಯ ಘಾಟಿಯನ್ನು ಕಾರಿನಲ್ಲಿ ಇಳಿಯುವ ಸಹೃದಯನಿಗೆ, ಎದುರಿನ ಗಾಜಿನ ಮೇಲೆ ಹೊರಗಿನ ಮಂಜು ಯಾವುದು, ಒಳಗಿನ ಮಬ್ಬು ಯಾವುದು ಎಂಬ ವಿವೇಕವು ಆತ್ಮಾನಾತ್ಮವಿವೇಕಕ್ಕಿಂತಲೂ ದುಸ್ಸಾಧ್ಯವೆಂಬುದು ಅನುಭವವೇದ್ಯವೇ ಆಗಿದ್ದರೂ, ನಮ್ಮ ಪಂಡಿತವರ್ಗವು ಈ ವಿಷಯದಲ್ಲಿ ತೋರಿರುವ ಅನಾದರವನ್ನು ಸಹಿಸಲಾರದೆ, ಅಲ್ಪಮತಿಯಾದ ನಾನು ಲೇಖನಿಯನ್ನು ಹಿಡಿದಿರುವೆನು.

ಮೊದಲು ಲಕ್ಷಣ. ಗಾಜಿನ ಒಳಮೈಯಲ್ಲಿ ಜಲಕಣಸಮುದಾಯರೂಪದಿಂದ ನೆಲೆಗೊಂಡು ದೃಷ್ಟಿಪ್ರತಿಬಂಧಕವಾಗುವ ಧವಳಾವರಣವೇ ಅಂತರ್ಬಾಷ್ಪವು. 'ಒಳಮೈ' ಎಂಬ ವಿಶೇಷಣವನ್ನು ಬಿಟ್ಟರೆ ಅತಿವ್ಯಾಪ್ತಿದೋಷ ಬರುತ್ತದೆ. ಏಕೆಂದರೆ ಕರಾವಳಿಯ ಸೆಕೆಯಲ್ಲಿ ಏಸಿಯನ್ನು ಮಿತಿಮೀರಿ ತಣ್ಣಗಿಟ್ಟವನ ಗಾಜು ಹೊರಮೈಯಲ್ಲಿಯೂ ಮಬ್ಬಾಗುವುದುಂಟು. ವೈಪರ್ ಒಮ್ಮೆ ಆಡಿದೊಡನೆ ಅಳಿಯುವುದು ಬಾಹ್ಯ, ಎಷ್ಟು ಆಡಿದರೂ ಅಳಿಯದಿರುವುದು ಆಂತರ. ಪ್ರತ್ಯಕ್ಷಕ್ಕೆ ಮಿಗಿಲಾದ ಪ್ರಮಾಣವಿಲ್ಲ.

ಇನ್ನು ಹೇತು. ಎಲ್ಲೆಲ್ಲಿ ಹೊಗೆಯೋ ಅಲ್ಲಲ್ಲಿ ಬೆಂಕಿಯೆಂದು ತಾರ್ಕಿಕರು ಬೆಟ್ಟವನ್ನು ನೋಡಿ ಊಹಿಸಿದಂತೆಯೇ, ಎಲ್ಲೆಲ್ಲಿ ಮಬ್ಬೋ ಅಲ್ಲಲ್ಲಿ ನೀರು ಎಂದು ನಾವು ಊಹಿಸಬೇಕು. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಘನ ಮೀಟರ್ ಗಾಳಿ ಸುಮಾರು 23 ಗ್ರಾಂ ನೀರಾವಿಯನ್ನು ಹೊತ್ತಿರಬಲ್ಲುದು. ತಣ್ಣನೆಯ ಗಾಜನ್ನು ತಾಗಿ 20 ಡಿಗ್ರಿಗೆ ಇಳಿದರೆ 17ಕ್ಕಿಂತ ಹೆಚ್ಚು ಹೊರಲಾರದು. ಮಿಕ್ಕುದನ್ನು ಗಾಜಿನ ಮೇಲೆಯೇ ಇಳಿಸಿಬಿಡುತ್ತದೆ.

ಈ ಜಲದ ಮೂಲವು ಪಂಚವಿಧ. ಮೊದಲನೆಯದು ನಿಃಶ್ವಾಸಜ, ಇದು ಏಕಪುರುಷನಿಃಶ್ವಾಸಜ, ಬಹುಪುರುಷನಿಃಶ್ವಾಸಜ, ಮದುವೆಗೆ ಹೊರಟ ಸಕುಟುಂಬನಿಃಶ್ವಾಸಜ ಎಂದು ಮತ್ತೆ ತ್ರಿವಿಧ. ಎರಡನೆಯದು ಆರ್ದ್ರಾಂಬರಜ, ಎಂದರೆ ತೊಯ್ದ ಕೊಡೆ, ರೈನ್‌ಕೋಟು ಮುಂತಾದವುಗಳಿಂದ ಹುಟ್ಟುವುದು. ಮೂರನೆಯದು ಪವನಪುನರಾವರ್ತನಜ: ಹೊರಗಾಳಿಯನ್ನು ತಡೆದು ಒಳಗಾಳಿಯನ್ನೇ ಸುತ್ತಿಸುವ ಗುಂಡಿಯನ್ನು ಒತ್ತಿ ಮರೆತವನಿಗೆ ಪ್ರಾಪ್ತವಾಗುವುದು. ತಾವು ಬಿಟ್ಟ ಉಸಿರನ್ನೇ ತಾವು ಮತ್ತೆ ಮತ್ತೆ ಸೇವಿಸುತ್ತ, ಎದುರಿಗಿರುವುದು ಕಾಣದಂತಾಗುವ ಈ ವ್ಯವಸ್ಥೆಯನ್ನು ಯಂತ್ರಶಿಲ್ಪಿಗಳು ನಮ್ಮ ವಿದ್ವದ್ಗೋಷ್ಠಿಗಳಿಂದಲೇ ಎರವಲು ಪಡೆದಿರಬೇಕು. ನಾಲ್ಕನೆಯದು... ನಾಲ್ಕಕ್ಕೂ ಐದಕ್ಕೂ ಸಂಸ್ಕೃತದಲ್ಲಿ ಹೆಸರು ಹುಡುಕುವ ತಾಳ್ಮೆ ನನಗಿಲ್ಲ.

ಏಕೆಂದರೆ ಆ ನಾಲ್ಕನೆಯದೇ ನನ್ನ ಕಾರಿನದಾಗಿತ್ತು. ಒಂದೇ ಮಳೆಗಾಲದಲ್ಲಿ ಮೂರು ಸಲ ಸರ್ವಿಸ್ ಸೆಂಟರಿಗೆ ಒಯ್ದೆ. ಟೈ ಕಟ್ಟಿದ ಯುವಕನೊಬ್ಬ ಕೈಯಲ್ಲಿನ ಹಲಗೆಯಂಥ ಕಂಪ್ಯೂಟರನ್ನು ಒತ್ತುತ್ತ, "ಹ್ಯುಮಿಡಿಟಿ ಇಶ್ಯೂ ಸರ್, ಕ್ಯಾಬಿನ್ ಟ್ರೀಟ್‌ಮೆಂಟ್ ಮಾಡಿಸಿಬಿಡಿ" ಎಂದ. ಮಾಡಿಸಿದೆ. ಮರುಸಲ ನೊರೆ ಚಿಮುಕಿಸಿದರು, ಅದಕ್ಕೂ ಕೊಟ್ಟೆ. ಮೂರನೆಯ ಸಲ, ಮಲೆನಾಡಿನಲ್ಲಿ ಇದು ಇರುವುದೇ ಎಂದರು. ಬಿಲ್ಲಿನಲ್ಲಿ ಬರೆದ ಹೆಸರುಗಳು ಮೇಲಿನ ನನ್ನ ಸಮಾಸಗಳಿಗಿಂತ ಉದ್ದವಾಗಿದ್ದವು. ಘಾಟಿಯ ಹದಿನಾಲ್ಕು ಹೇರ್‌ಪಿನ್ ತಿರುವುಗಳಲ್ಲಿ ಒಂದರಲ್ಲಿ, ಪಕ್ಕದಲ್ಲಿದ್ದ ನನ್ನಾಕೆ ಸೆರಗಿನಿಂದ ಗಾಜನ್ನು ಒರೆಸಿದ ಅಂಗೈಯಗಲದ ಕಿಂಡಿಯೊಳಗೆ ಬಸ್ಸೊಂದರ ಮುಖ ಥಟ್ಟನೆ ಕಾಣಿಸಿತು. ಒಂದು ಮೊಳದಲ್ಲಿ ಉಳಿದೆವು. ಆ ದಿನ ಕೈ ನಡುಗಿದ್ದು ಈಗ ಬರೆಯುವಾಗಲೂ ನಿಂತಿಲ್ಲ. ಇಷ್ಟು ಜನ ಓದಿದವರು, ಇಷ್ಟು ಯಂತ್ರಗಳು. ಬಗ್ಗಿ ಕಾಲಡಿಯ ಮ್ಯಾಟನ್ನು ಎತ್ತಿ ನೋಡಿದವನು ಒಬ್ಬನಿಲ್ಲ!

ಎತ್ತಿದವನು ತೀರ್ಥಹಳ್ಳಿಯ ಒಬ್ಬ ಮೆಕ್ಯಾನಿಕ್. ಎಡಗಡೆಯ ಮ್ಯಾಟಿನಡಿಯಲ್ಲಿ ನೀರು ನಿಂತಿತ್ತು. ಎಂದೋ ಚೀಲದಿಂದ ಚೆಲ್ಲಿದ ಹೆಸರುಕಾಳು ಅದರಲ್ಲಿ ಬೆರಳುದ್ದ ಮೊಳಕೆ ಬಿಟ್ಟಿತ್ತು. ಏಸಿಯು ಗಾಳಿಯಿಂದ ಹಿಂಡಿದ ನೀರು ಕೆಳಗೆ ಸುರಿದುಹೋಗಬೇಕಾದ ಕಿರುಕೊಳವೆಗೆ, ಗೋಣಿಚೀಲದ ಮೇಲೆ ಅಂಗಾತ ಮಲಗಿಕೊಂಡೇ ಒಂದು ತಂತಿಯನ್ನು ತೂರಿಸಿದ. ಕೆಸರು, ಆಮೇಲೆ ಒಂದು ಚೊಂಬಿನಷ್ಟು ನೀರು ಬಂತು. "ನೀರು ಹೋಗಕ್ಕೆ ದಾರಿನೇ ಇರ್ಲಿಲ್ಲ ಮಾರಾಯ್ರೆ" ಎಂದು ಎದ್ದು ಕೈ ಒರೆಸಿಕೊಂಡ. ಐವತ್ತು ರೂಪಾಯಿ ತೆಗೆದುಕೊಂಡ.

ವಾಚಕ ಮಹಾಶಯರೇ, ಗಾಜನ್ನು ಅಂಗೈಯಿಂದ ಒರೆಸಬೇಡಿ, ಜಿಡ್ಡು ಹಿಡಿದಲ್ಲಿ ಮಬ್ಬು ಇನ್ನಷ್ಟು ಕಾಡುತ್ತದೆ. ಏಸಿ ಹಾಕಿ, ಹೊರಗಾಳಿಯನ್ನು ಒಳಗೆ ಬಿಡಿ. ಅದಕ್ಕೂ ಮೊದಲು, ದಯವಿಟ್ಟು, ಮ್ಯಾಟಿನಡಿಗೆ ಒಮ್ಮೆ ಕೈಯಿಟ್ಟು ನೋಡಿ.